ಅಮ್ಮನ ಹೆಸರಿನ ಲೋಟ

ಪೊಯಾನಾ,
೯ ಅಕ್ಟೋಬರ್ ೨೦೦೮, ಗುರುವಾರ ಬೆಳಿಗ್ಗೆ

ಟೋಡೆರ್,

ಹೆಸರಿನ ಹಿಂದೆ ಏನು ಸೇರಿಸಬೇಕೆಂದು ತೋಚದೆ ಎರಡು ಹಾಳೆ ಹರಿದೆ. 'ಪ್ರೀತಿಯ' ಎಂದು ಬರೆದರೆ ನೀನು ನಗುತ್ತೀಯ. ಬರೆಯದಿದ್ದರೆ ಇವಳು ಇನ್ನೂ ಬಾಗಿಲು ಹಾಕಿಕೊಂಡೇ ನಿಂತಿದ್ದಾಳೆ ಎಂದುಕೊಳ್ಳುತ್ತೀಯ. ಆದ್ದರಿಂದ ಬರೀ ಟೋಡೆರ್. ನಿನ್ನ ಸವೇತಾ ಬದುಕಿದ್ದಾಳೆ, ನಾಲಿಗೆಯೂ ಮೊದಲಿನಷ್ಟೇ ಉದ್ದವಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಸಲ ಚಳಿ ಬೇಗ ಬಂದಿದೆ, ಬೆಳಗಿನ ಹೊತ್ತು ಕೈ ನಡುಗುತ್ತದೆ.

ಊರಿನ ಸುದ್ದಿ ಹೇಳಿ ಮುಗಿಸುತ್ತೇನೆ. ಪ್ಲಮ್ ಮರಗಳು ಕೊಂಬೆ ಮುರಿಯುವಷ್ಟು ಹಣ್ಣು ಬಿಟ್ಟಿದ್ದವು. ಊರಿಗೆ ಊರೇ ಹೊಳೆದಂಡೆಯ ಭಟ್ಟಿಯ ಮುಂದೆ ಸಾಲು ನಿಂತಿದ್ದಾಗ ನಾನು ನಮ್ಮ ಹಣ್ಣನ್ನೆಲ್ಲ ಹಂದಿಗೆ ಸುರಿದೆ. ಪಕ್ಕದ ಮನೆಯ ತಿತ್ಯಾನಾ ಬೇಲಿಯ ಮೇಲಿಂದ ನೋಡಿ, ಹೊರಿಂಕಾ ಸಾರಾಯಿ ಇಳಿಸುವ ಹಣ್ಣನ್ನು ಹಂದಿಗೆ ಹಾಕುವ ಹೆಂಗಸನ್ನು ಇದೇ ಮೊದಲು ಕಂಡಿದ್ದು ಎಂದಳು. ಹಂದಿಗಾದರೆ ಮರುದಿನ ತಲೆನೋವು ಬರುವುದಿಲ್ಲ ಎಂದೆ. ಅವಳು ಆ ಮಾತನ್ನು ಊರೆಲ್ಲ ಹಂಚಿದ್ದಾಳೆ. ಊರ ಬಾಯಿಗೆ ಮುಚ್ಚಳ ಎಲ್ಲಿ ತರಲಿ?

ಈಗ ಈ ಪತ್ರದ ಕಾರಣ. ನಿಮ್ಮ ಡಾಕ್ಟರಮ್ಮ ಔರಾ ನನಗೆ ಬರೆದಿದ್ದಾರೆ. ನಿನಗೆ ಗೊತ್ತಿಲ್ಲದೆ ಬರೆದಿದ್ದಾರಂತೆ, ಅವರ ಮೇಲೆ ರೇಗಬೇಡ. ಮೂರು ತಿಂಗಳಿಂದ ನೀನು ಒಂದು ಹನಿ ಮುಟ್ಟಿಲ್ಲವಂತೆ. ಕುಡಿತ ಬಿಡಿಸುವ ಆ ಮನೆಯಲ್ಲಿರುವ ಹನ್ನೆರಡು ಗಂಡಸರಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವನು ನೀನೇ ಅಂತೆ. ಇಲ್ಲಿ ಹದಿನೆಂಟು ವರ್ಷ ಒಲೆ ಹಚ್ಚಿದವಳು ನಾನು, ಅದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಸಂತ ದುಮಿತ್ರುವಿನ ಹಬ್ಬದ ದಿನ ಅಲ್ಲಿನ ಪಾದ್ರಿ ಬಂದು ಬೇಕೆಂದವರಿಗೆ ಇನ್ನು ಕುಡಿಯುವುದಿಲ್ಲ ಎಂಬ ಆಣೆ ಕಟ್ಟುತ್ತಾರೆ, ಆರು ಜನ ಹೆಸರು ಕೊಟ್ಟಿದ್ದಾರೆ, ನಿಮ್ಮ ಗಂಡ ಮಾತ್ರ ತಲೆ ಅಲ್ಲಾಡಿಸುತ್ತಾನೆ ಎಂದು ಬರೆದಿದ್ದಾರೆ. ಯಾಕೆಂದು ಕೇಳಿದಾಗ ನೀನು ಕೊಟ್ಟ ಉತ್ತರವನ್ನೂ ಹಾಗೇ ಇಳಿಸಿದ್ದಾರೆ. "ಇದು ಒಂದ್ಸಲ ಆಣೆ ಮುರಿದ ನಾಲಿಗೆ ಡಾಕ್ಟ್ರೇ. ನಾಯಿಗೆ ಹಾಕಿದ್ರೂ ಮೂಸಲ್ಲ."

ಕೊನೆಯ ಸಾಲುಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನವೆಂಬರಿನಲ್ಲಿ ನೀನು ಆ ಮನೆ ಬಿಡಬೇಕು. ನಿನ್ನ ಪಿತ್ತಜನಕಾಂಗ ಇನ್ನೊಂದು ಚಳಿಗಾಲದ ಕುಡಿತವನ್ನು ತಡೆಯುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದೆ ಹೊರಗೆ ಹೋದವರು ಹೆಚ್ಚು ದಿನ ನಿಲ್ಲುವುದನ್ನು ತಾವು ನೋಡಿಲ್ಲ, ಮನೆಯಿಂದ ಒಬ್ಬರು ಬಂದು ಅವನ ಪಕ್ಕದಲ್ಲಿ ಮಂಡಿಯೂರುತ್ತಾರೆಯೇ ಎಂದು ಕೇಳಿದ್ದಾರೆ. ಇದು ಔಷಧಿ ಚೀಟಿಯಲ್ಲಿ ಬರೆಯುವ ಮಾತಲ್ಲ, ಆದರೂ ಬರೆಯುತ್ತಿದ್ದೇನೆ ಎಂದು ಸೇರಿಸಿದ್ದಾರೆ. ಒಳ್ಳೆಯ ಹೆಂಗಸು ಇರಬೇಕು.

ಎರಡು ವರ್ಷದ ಹಿಂದೆ ನೀನು ಮೊದಲ ಸಲ ಆಣೆ ಕಟ್ಟಿಸಿಕೊಂಡಾಗ ನಿನ್ನ ಪಕ್ಕ ಮಂಡಿಯೂರಬೇಕಾಗಿದ್ದವಳು ನಾನೇ. ನನಗೆ ಮಂಡಿ ನೋವು ಎಂದೆ. ಸುಳ್ಳು. ಮರುವಾರವೇ ಮುರಿಯುವ ಆಣೆಗೆ ಸಾಕ್ಷಿಯಾಗಿ ನಿಂತು ಊರಿನ ಮುಂದೆ ನಗೆಪಾಟಲಾಗಲು ನನಗೆ ಮನಸ್ಸಿರಲಿಲ್ಲ. ಎಪ್ಪತ್ತೊಂದು ವರ್ಷದ ಅಮ್ಮ, ನಿಜವಾಗಿ ಮಂಡಿ ಊದಿಕೊಂಡಿದ್ದವಳು, ಊರುಗೋಲು ನನ್ನ ಕೈಗೆ ಕೊಟ್ಟು ನಿನ್ನ ಪಕ್ಕ ಕಲ್ಲುನೆಲದ ಮೇಲೆ ಮಂಡಿಯೂರಿದಳು. ಮೇಣದಬತ್ತಿ ಹಿಡಿದಳು. ಒಂದು ವರ್ಷ ಎಂದು ಹೇಳುವಾಗ ನೀನು ಮೆಲ್ಲಗೆ ಒಂದು ದಿನ ಕುಡಿಯುವ ರಿಯಾಯಿತಿ ಕೇಳಿದೆಯಲ್ಲ, ಎಲ್ಲರೂ ಈಸ್ಟರಿಗೆ, ಮದುವೆಗೆ ಕೇಳಿದರೆ ನೀನು ಹಂದಿ ಕೊಯ್ಯುವ ದಿನಕ್ಕೆ ಕೇಳಿದೆ. ಪಾದ್ರಿ ಲಾಝಾರ್ ಬಾಯಿ ತೆರೆಯುವ ಮೊದಲೇ ಅಮ್ಮ ನಿನ್ನ ಪಕ್ಕೆಗೆ ತಿವಿದು, "ಆ ದಿನ ಹಂದಿಗೇ ರಿಯಾಯಿತಿ ಇಲ್ಲ, ನಿನಗ್ಯಾಕೋ ಅಳಿಯಪ್ಪ?" ಎಂದಳು. ಪಾದ್ರಿ ಗಡ್ಡದೊಳಗೆ ನಕ್ಕರು. ಚೀಟಿಯಲ್ಲಿ ರಿಯಾಯಿತಿ ಇಲ್ಲದ ಒಂದು ವರ್ಷ ಬರೆದುಕೊಟ್ಟರು. ಅಮ್ಮ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಮನೆ ಅಳಿಯ ಎಂದು ಊರು ನಿನ್ನನ್ನು ಆಡಿಕೊಳ್ಳುತ್ತಿತ್ತು. ಅತ್ತೆ ಅಳಿಯನಿಗೆ ಬೀಗ ಹಾಕಿ ಸೆರಗಿಗೆ ಕಟ್ಟಿಕೊಂಡಿದ್ದಾಳೆ ಎಂದು ನಗುತ್ತಿದ್ದರು. ಅಮ್ಮನಿಗೆ ಉಪದೇಶ ಮಾಡಲು ಬರುತ್ತಿರಲಿಲ್ಲ. ನಿನಗೆ ಗಂಟಲು ಒಣಗಿ ಕಣ್ಣು ಬಾಗಿಲ ಕಡೆ ತಿರುಗಿದ ಕೂಡಲೇ ಅವಳು ಬೀನ್ಸ್ ಕಾಳಿನ ಮೂಟೆಯನ್ನು ಮೇಜಿನ ಮೇಲೆ ಸುರಿಯುತ್ತಿದ್ದಳು. ಬಿಳಿಯದು ಒಂದು ಕಡೆ, ಚುಕ್ಕೆಯದು ಒಂದು ಕಡೆ, ಬೇಗ ಆರಿಸಿ ಕೊಡು, ಬೀಜಕ್ಕೆ ಬೇಕು ಎನ್ನುತ್ತಿದ್ದಳು. ನೀನು ಬೈದುಕೊಳ್ಳುತ್ತ ಆರಿಸುತ್ತಿದ್ದೆ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೀನು ಬೇಗ ಎದ್ದು ಬಂದಾಗ, ಆರಿಸಿಟ್ಟ ಎರಡೂ ರಾಶಿಯನ್ನು ಅಮ್ಮ ಮತ್ತೆ ಒಂದೇ ಮೂಟೆಗೆ ಸುರಿದು ಕೈಯಾಡಿಸಿ ಬೆರೆಸುತ್ತಿದ್ದಳು. ಅಷ್ಟು ದಿನವೂ ನೀನು ಆರಿಸಿದ್ದು ಅದೇ ಕಾಳನ್ನು. ನೀನು ನೆಲಕ್ಕೆ ಕೂತು ನಕ್ಕೆ, ಅಮ್ಮನೂ ನಕ್ಕಳು. ಹದಿನೆಂಟು ವರ್ಷದಲ್ಲಿ ಕುಡಿಯದೆ ನೀನು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ನಾನು ಹಾಲಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನಗೆ ಸಂತೋಷವಾಗಲಿಲ್ಲ ಟೋಡೆರ್. ಇದನ್ನು ಪಾದ್ರಿಗೂ ಹೇಳಿಲ್ಲ. ನೀನು ಕುಡಿದಾಗ ಅಳುತ್ತ ಬಂದು ತಲೆಯಿಡುತ್ತಿದ್ದದ್ದು ನನ್ನ ಮಡಿಲಲ್ಲಿ. ಕುಡಿತ ಬಿಟ್ಟ ಮೇಲೆ ನಿನ್ನ ನಗು ಅಮ್ಮನ ಪಾಲಾಯಿತು. ನನಗೆ ಉಳಿದದ್ದು ಊಟದ ಮೇಜಿನಲ್ಲಿ ನನ್ನ ಮುಖವನ್ನು ಚೆನ್ನಾಗಿ ನೋಡುವ ಒಬ್ಬ ಗಂಡಸು. ಬಾಗಿಲಲ್ಲಿ ನಿಂತು, ನಮಗೆ ಮಕ್ಕಳಿಲ್ಲ, ಇವನಿಗೆ ಇನ್ನು ನನ್ನಿಂದ ಏನಾಗಬೇಕು ಎಂದುಕೊಂಡೆ. ನೀನು ಬಿಡಲಿ ಎಂದು ಹರಕೆ ಹೊತ್ತವಳೂ ನಾನೇ. ಮನುಷ್ಯರ ಮನಸ್ಸು ಎಷ್ಟು ಕೆಟ್ಟದ್ದೆಂದು ತಿಳಿಯಲು ನಾನು ಬೇರೆಯವರ ಮನೆಗೆ ಹೋಗಬೇಕಾಗಿರಲಿಲ್ಲ.

ಈಸ್ಟರ್ ಕಳೆದ ಮೂರನೆಯ ದಿನ ಅಮ್ಮ ಹೋದಳು. ಆ ವಾರ ಸ್ವರ್ಗದ ಬಾಗಿಲು ತೆರೆದೇ ಇರುತ್ತದೆ, ಪುಣ್ಯವಂತೆ ಎಂದರು ಎಲ್ಲರೂ. ಹಿಂದಿನ ಸಂಜೆ ನೀನು ಹಸು ಕಟ್ಟಲು ಹೋಗಿದ್ದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು ಒಂದು ಮಾತು ಹೇಳಿದಳು. ನಲವತ್ತನೆಯ ದಿನ ತನ್ನ ಹೆಸರಿನಲ್ಲಿ ಹಂಚುವ ಲೋಟಗಳಲ್ಲಿ ಹೊರಿಂಕಾ ಬದಲು ಊಟೆಯ ನೀರು ತುಂಬಬೇಕಂತೆ. ಎಲ್ಲ ಲೋಟಗಳಲ್ಲೂ. "ನಿಮ್ಮಪ್ಪ ನಮ್ಮೆಲ್ಲರ ಪಾಲಿಂದೂ ಕುಡ್ದು ಹೋದ. ನಂಗೆ ನೀರು ಸಾಕು ಸವೇತಾ. ಟೋಡೆರ್ ಕೈಗಂತೂ ನೀರೇ ಕೊಡು." ನಾನು ಹೂಂ ಎಂದೆ. ಅವಳು ಎಲ್ಲ ಲೋಟ ಎಂದಿದ್ದನ್ನು ನಾನು ನಿನಗೆ ಹೇಳಲೇ ಇಲ್ಲ. ನಿನ್ನ ಲೋಟದಲ್ಲಿ ಮಾತ್ರ ನೀರಿರುತ್ತದೆ ಎಂದು ಹೇಳಿದೆ, ನೀನು ಒಪ್ಪಿದೆ. ಪರಸ್ಕಳ ಮಗಳು ನಲವತ್ತನೆಯ ದಿನಕ್ಕೆ ನೀರು ಹಂಚಿದಳು ಎಂದು ಊರು ಆಡಿಕೊಳ್ಳುವುದನ್ನು ನೆನೆದೇ ನನಗೆ ಬೆವರು ಬರುತ್ತಿತ್ತು.

ಆ ದಿನ ನಡೆದದ್ದು ನಿನಗೆ ಗೊತ್ತಿರುವಂತೆ ಹೀಗೆ. ಅಂಗಳದ ಮೇಜಿನ ಮೇಲೆ ಹೊಸ ಲೋಟಗಳು, ಒಂದೊಂದಕ್ಕೂ ಒಂದು ಬಳೆಯಾಕಾರದ ಬ್ರೆಡ್ಡು, ಉರಿಯುವ ಮೇಣದಬತ್ತಿ. ನಾನು ಒಂದೊಂದನ್ನೇ ಎತ್ತಿ ಅಮ್ಮನ ಆತ್ಮಕ್ಕೆ ಎಂದು ಹೇಳಿ ಕೈಗೆ ಕೊಡುತ್ತ ಬಂದೆ. ನಿನ್ನದನ್ನೂ ಕೊಟ್ಟೆ. ಹೊರಿಂಕಾ ನೀರಿನಷ್ಟೇ ತಿಳಿಯಾಗಿರುತ್ತದೆ, ಧೂಪದ ಹೊಗೆಯಲ್ಲಿ ವಾಸನೆ ಹತ್ತಲಿಲ್ಲ, ನೀನು ಅಳುತ್ತಲೂ ಇದ್ದೆ. ಮೊದಲ ಗುಟುಕಿಗೇ ನಿನ್ನ ಕಣ್ಣು ನನ್ನನ್ನು ಹುಡುಕಿತು. ಸತ್ತವರ ಹೆಸರಲ್ಲಿ ಕೊಟ್ಟ ಲೋಟವನ್ನು ಅರ್ಧಕ್ಕೆ ಕೆಳಗಿಟ್ಟರೆ ಅವರ ಮುಖಕ್ಕೇ ಚೆಲ್ಲಿದಂತೆ. ಊರೆಲ್ಲ ನೋಡುತ್ತಿತ್ತು. ನೀನು ಕುಡಿದು ಮುಗಿಸಿದೆ. ಆಣೆಗೆ ಏಳು ತಿಂಗಳಾಗಲು ಇನ್ನು ಆರು ದಿನವಿತ್ತು.

ಲೋಟ ಜೋಡಿಸುವಾಗ ನಾಸ್ತಾಸಿಯಾ ಚಿಕ್ಕಮ್ಮನ ಮಂಜುಗಣ್ಣಿಗೆ ಕಾಣದೆ ಅದಲುಬದಲಾಯಿತು ಎಂದು ನಾನು ಆ ಸಂಜೆ ನಿನಗೆ ಹೇಳಿದೆ. ಚಿಕ್ಕಮ್ಮನಿಗೂ ಹಾಗೆಯೇ ಹೇಳಿದೆ. ಅವಳು ಎದೆ ಬಡಿದುಕೊಂಡು ಅತ್ತಳು. ಅವಳ ಮೇಲೆ ಮಾತು ಬರಬಾರದೆಂದು ನೀನು ಪಾದ್ರಿಯ ಮುಂದೆ, ಸಾರಾಯಿ ಅಂಗಡಿಯ ಮುಂದೆ, ಎಲ್ಲ ಕಡೆ, ಗೊತ್ತಿದ್ದೇ ಕುಡಿದೆ, ತಪ್ಪು ನನ್ನದೇ ಎಂದೆ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆಮೇಲಿನದು ಬರೆಯಬೇಕೇ? ಅತ್ತೆ ಇಲ್ಲ, ಆಣೆ ಇಲ್ಲ, ಇನ್ನೇನು ಎಂದು ನೀನು ಕುಡಿದೆ. ಜನವರಿಯ ಆ ಬೆಳಿಗ್ಗೆ ಜಾರುಬಂಡಿ ಕಟ್ಟಿಕೊಂಡು ಹೋದವನು ಅಂಗಡಿಯೊಳಗೇ ಉಳಿದೆ. ನಮ್ಮ ಕುದುರೆ ಶಾರ್ಗಾ ಇಡೀ ದಿನ ಬೆವರಿದ ಮೈಯಲ್ಲಿ ಹಿಮದಲ್ಲಿ ನಿಂತಿತ್ತು. ಕುದುರೆ ಸತ್ತ ಮೂರನೆಯ ದಿನ ನಿನ್ನ ಬಟ್ಟೆಯನ್ನು ಗಂಟು ಕಟ್ಟಿ ಗೇಟಿನಾಚೆ ಇಟ್ಟು, ಆಣೆ ಮುರಿದವನಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದೆ. ನೀನು ಎದುರಾಡದೆ ಗಂಟು ಎತ್ತಿಕೊಂಡೆ. ನಿನ್ನ ಅಕ್ಕನ ಊರಿನ ಬಸ್ಸು ತಿರುವು ದಾಟುವವರೆಗೆ ನಾನು ಕಿಟಕಿಯಲ್ಲಿದ್ದೆ.

ಟೋಡೆರ್, ಲೋಟ ಅದಲುಬದಲಾಗಲಿಲ್ಲ. ನಿನ್ನ ಲೋಟಕ್ಕೆ ಹೊರಿಂಕಾ ಸುರಿದದ್ದು ನಾನು. ಬೇಕೆಂದೇ ಸುರಿದೆ.

ಹಿಂದಿನ ರಾತ್ರಿ ಕನಸಿನಲ್ಲಿ ಅಮ್ಮ ಬಂದಿದ್ದಳು. ತುಟಿ ಒಡೆದು ಬಿಳಿಚಿತ್ತು, ಏನೂ ಕೇಳಲಿಲ್ಲ. ಬೆಳಿಗ್ಗೆ ಅಡುಗೆಗೆ ಬಂದ ಹೆಂಗಸರು ಕೋಸಿನೆಲೆ ಸುತ್ತುತ್ತ, ನನಗೆ ಕೇಳುವಂತೆಯೇ, "ಅಳಿಯನ ಲೋಟಕ್ಕೆ ನೀರಂತೆ. ಪಾಪ ಪರಸ್ಕ, ಅಲ್ಲಿ ಬಾಯಾರ್ಕೊಂಡು ಕೂತಿರ್ತಾಳೆ" ಎಂದರು. ಇಲ್ಲಿ ಕೊಟ್ಟದ್ದೇ ಅಲ್ಲಿ ಸಿಗುವುದು, ಹಾಲು ಕುಡಿಯುವಾಗಿನಿಂದ ಕೇಳಿದ ಮಾತು. ಅವಳು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡದ್ದು ನಿನ್ನನ್ನು. ನಿನ್ನ ಲೋಟವೇ ಅವಳಿಗೆ ಮುಟ್ಟದಿದ್ದರೆ ಬೇರೆ ಯಾರದು ಮುಟ್ಟೀತು ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬಾಯಿಬಿಟ್ಟು ಕೇಳಿದ್ದು ನೀರನ್ನು. ಬದುಕಿದ್ದಾಗ ಹೇಳಿದ ಮಾತನ್ನು ಬಿಟ್ಟು ಕನಸನ್ನು ನಂಬಿದೆ.

ಇಷ್ಟೇ ಹೇಳಿ ನಿಲ್ಲಿಸಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಆದರೆ ನೀರಿನ ಹೂಜಿಯ ಪಕ್ಕದಲ್ಲಿ ಸಾರಾಯಿಯ ಹೂಜಿ ಎತ್ತಿಕೊಂಡಾಗ, ಇವತ್ತು ಸಂಜೆ ಇವನು ಮತ್ತೆ ನನ್ನ ಮಡಿಲಿಗೆ ಬಂದು ಅಳುತ್ತಾನೆ ಎನ್ನುವುದೂ ಮನಸ್ಸಿನಲ್ಲಿ ಬಂತು. ಬಂದು ಹೋಗಲಿಲ್ಲ, ಅಲ್ಲೇ ಕೂತಿತ್ತು. ಒಂದೇ ಲೋಟ ತಾನೇ ಎಂದುಕೊಂಡೆ. ನೀನು ಆ ಸಂಜೆ ನಿಜವಾಗಿಯೂ ಬಂದು ಕಣ್ಣೀರಿಟ್ಟೆ. ನಾನು ನಿನ್ನ ತಲೆ ನೇವರಿಸಿದೆ. ನನಗೆ ಹಾಯೆನಿಸಿತು. ಇದನ್ನು ಬರೆಯಲು ನನಗೆ ಹದಿನೇಳು ತಿಂಗಳು ಹಿಡಿಯಿತು.

ಆದ್ದರಿಂದ ಆಣೆ ಮುರಿದದ್ದು ನೀನಲ್ಲ. ನಿನ್ನ ನಾಲಿಗೆಯಲ್ಲಿ ಏನೂ ಕೆಟ್ಟಿಲ್ಲ. ಡಾಕ್ಟರಮ್ಮನಿಗೆ ಇದನ್ನು ಹೇಳು, ಬೇಕಾದರೆ ಈ ಹಾಳೆಯನ್ನೇ ಕೊಡು. ಪಾದ್ರಿ ಲಾಝಾರ್ ಅವರಿಗೆ ಭಾನುವಾರ ಹೇಳಿದೆ. ಅವರು, ಪರಸ್ಕ ನೀರಿನ ವಿಷಯ ತಮಗೂ ಹೇಳಿದ್ದಳು, ನೀರೂ ಮುಟ್ಟುತ್ತದೆ ಎಂದು ಮಗಳು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ ಎಂದರು. ನಾನು ಕೇಳಿರಲಿಲ್ಲ. ನಾಸ್ತಾಸಿಯಾ ಚಿಕ್ಕಮ್ಮನ ಮನೆಗೂ ಹೋದೆ. ಈ ಹದಿನೇಳು ತಿಂಗಳೂ ಅವಳು ವಾರಕ್ಕೊಮ್ಮೆ ನಮ್ಮ ಗೇಟಿಗೆ ಮೊಟ್ಟೆ ತಂದಿಟ್ಟು, ನನ್ನ ಮುಖ ನೋಡದೆ ಓಡುತ್ತಿದ್ದಳು. ನಾನು ಆ ಮೊಟ್ಟೆ ತಿಂದಿದ್ದೇನೆ. ಎಲ್ಲ ಕೇಳಿ ಅವಳು ಹೇಳಿದ್ದು ಇಷ್ಟು: "ಇಷ್ಟು ದಿನ ನನ್ನ ಕಣ್ಣನ್ನ ನಾನೇ ಶಪಿಸ್ಕೊಂಡೆ ಕಣೇ." ಆಮೇಲೆ ಬಾಗಿಲು ಹಾಕಿಕೊಂಡಳು. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ನೀನು ಬೇಡವೆಂದರೂ ನಾನು ಹಬ್ಬದ ದಿನ ಬರುತ್ತೇನೆ. ಬೆಳಗಿನ ಬಸ್ಸಿಗೆ ಹತ್ತಿದರೆ ಪೂಜೆಯ ಹೊತ್ತಿಗೆ ಮುಟ್ಟಬಹುದೆಂದು ಕಂಡಕ್ಟರ್ ಹೇಳಿದ್ದಾನೆ. ನೀನು ನನ್ನನ್ನು ಗೇಟಿನಾಚೆ ನಿಲ್ಲಿಸಿದರೆ ನಿಲ್ಲುತ್ತೇನೆ, ಅದು ನ್ಯಾಯವೇ. ಆದರೆ ನನ್ನ ಮೇಲಿನ ಸಿಟ್ಟಿಗೆ ಆಣೆ ಬಿಡಬೇಡ. ಈ ಪತ್ರ ಓದಿ ನೀನು ನೇರ ಅಂಗಡಿಗೆ ಹೋಗುತ್ತೀಯೇನೋ ಎಂಬ ಭಯವೂ ನನಗಿದೆ. ಅದಕ್ಕೇ ಲಕೋಟೆಯ ಮೇಲೆ ಡಾಕ್ಟರಮ್ಮನ ಹೆಸರು ಬರೆದಿದ್ದೇನೆ. ಅವರು ಎದುರಿಗೆ ಕೂತಿರುವಾಗ ಓದು.

ಅಮ್ಮನ ಹೆಸರಿನ ನಿನ್ನ ಲೋಟ ಇಲ್ಲೇ ಉಳಿದಿದೆ, ತರುತ್ತೇನೆ. ಆ ದಿನ ಅದರಲ್ಲಿ ನೀರು ಕುಡಿದು ಅವಳಿಗೆ ಮುಟ್ಟಿಸು. ನೀರು ಮಾತ್ರ ಅಲ್ಲಿನ ನಲ್ಲಿಯಿಂದ ನೀನೇ ಹಿಡಿದುಕೋ. ನಾನು ತುಂಬಿ ಕೊಟ್ಟರೆ ಕುಡಿಯಬೇಡ.

ನಿನ್ನ ಪಕ್ಕದಲ್ಲಿ ಒಂದು ಸಲವೂ ಮಂಡಿಯೂರದ,
ಸವೇತಾ

ಮತ್ತೊಂದು ಮಾತು. ಮುಚ್ಚಿಡಬೇಕೆಂದು ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ನೆಲಮಾಳಿಗೆಯ ದೊಡ್ಡ ಹೊರಿಂಕಾ ಜಾಡಿ, ಅಮ್ಮನ ತಿಥಿಯ ದಿನಗಳಿಗೆಂದು ಇಟ್ಟದ್ದು, ನೀನು ಹೋದಾಗ ಕತ್ತಿನವರೆಗೆ ತುಂಬಿತ್ತು. ಈಗ ಖಾಲಿ. ಈ ಮನೆಗೆ ಅತಿಥಿಗಳು ಯಾರೂ ಬರಲಿಲ್ಲ. ಒಂದು ಶನಿವಾರ, ಸತ್ತವರ ದಿನ, ಅಮ್ಮನ ಹೆಸರಿನಲ್ಲಿ ಒಂದು ಲೋಟ ಕೊಡಲು ಯಾರೂ ಸಿಗದೆ ನಾನೇ ಕುಡಿದೆ. ಆಮೇಲೆ ಶನಿವಾರ ಬರಲೆಂದು ಕಾಯುವುದನ್ನು ಬಿಟ್ಟೆ. ಕೈ ನಡುಗುವುದು ಚಳಿಗಲ್ಲ. ಹಣ್ಣನ್ನು ಹಂದಿಗೆ ಹಾಕಿದ್ದು ನಿನಗಾಗಿ ಅಲ್ಲ. ನಾನು ಮುಟ್ಟದೆ ಇವತ್ತಿಗೆ ಒಂಬತ್ತು ದಿನ. ದಿನವೂ ಬೀನ್ಸ್ ಕಾಳು ಆರಿಸುತ್ತೇನೆ, ಬೆಳಿಗ್ಗೆ ಎದ್ದು ಬೆರೆಸಿಡುವವರು ಯಾರೂ ಇಲ್ಲ, ನಾನೇ ಬೆರೆಸುತ್ತೇನೆ. ಹಾಗೆ ಮಾಡಿದರೆ ಅದು ಕೆಲಸ ಮಾಡುವುದಿಲ್ಲ ಟೋಡೆರ್. ಅಲ್ಲಿನ ಪಾದ್ರಿಗೆ ಹೇಳಿ ಆಣೆಯ ಚೀಟಿ ಎರಡು ಬರೆಸು.